ಬೆಳಿಗ್ಗೆ ಕೂತರೆ ಸಂಜೆವರೆಗೂ ಏಳದ ಆಫೀಸು: ನಿಂತು ಕೆಲಸ ಮಾಡುವ ಮೇಜು ತರಿಸಬೇಕಾ, ಬೇರೆ ದಾರಿ ಇದೆಯಾ?

ಬಿಎಂ_ರಸ್ತೆ_ಲೆಕ್ಕಪತ್ರ (ಹಾಸನ)

ಎಲ್ಲರಿಗೂ ನಮಸ್ಕಾರ. ಹಾಸನದ ಬಿ.ಎಂ. ರಸ್ತೆಯಲ್ಲಿ, ಎರಡನೇ ಮಹಡಿಯಲ್ಲಿರುವ ತೆರಿಗೆ ಮತ್ತು ಲೆಕ್ಕಪತ್ರದ ಆಫೀಸು ನಮ್ಮದು. 26 ಜನ ಇದ್ದೇವೆ, ಅದರಲ್ಲಿ 15 ಹೆಣ್ಣುಮಕ್ಕಳು. ಬೆಳಿಗ್ಗೆ 9.30ರಿಂದ ಸಂಜೆ 6ರವರೆಗೆ ಕೆಲಸ, ಮಧ್ಯೆ ಊಟಕ್ಕೆ ಮುಕ್ಕಾಲು ಗಂಟೆ. ಊಟದ ಡಬ್ಬಿಯನ್ನೂ ಬಹಳ ಜನ ತಮ್ಮ ಮೇಜಿನ ಮೇಲೇ ಬಿಚ್ಚುತ್ತಾರೆ. 11 ಗಂಟೆ ಮತ್ತು 4 ಗಂಟೆ ಕಾಫಿ ಕೂತಲ್ಲಿಗೇ ಬರುತ್ತದೆ. ನಾಲ್ಕು ಜನಕ್ಕೊಂದು ಪ್ರಿಂಟರ್, ಕೈ ಚಾಚಿದರೆ ಸಿಗುತ್ತದೆ. ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಎಂಟ್ರಿ ಶುರುವಾದರೆ ಎರಡು ಎರಡೂವರೆ ಗಂಟೆ ಯಾರೂ ಅಲ್ಲಾಡುವುದಿಲ್ಲ.

ಸೊಂಟ ನೋವು, ಕತ್ತು ಹಿಡಿದುಕೊಳ್ಳುವುದು, ಸಂಜೆ ಹೊತ್ತಿಗೆ ಪಾದ ಊದಿ ಚಪ್ಪಲಿ ಬಿಗಿಯಾಗುವುದು, ಇವು ಎಲ್ಲರ ಬಾಯಲ್ಲೂ ಇವೆ. ಮೂವರಿಗೆ ಸಕ್ಕರೆ ಕಾಯಿಲೆ ಇದೆ. ಎತ್ತರ ಏರಿಸಿ ಇಳಿಸುವ ಮೋಟಾರ್ ಮೇಜಿಗೆ ಒಂದಕ್ಕೆ 24,000 ರೂಪಾಯಿಯ ಕೊಟೇಶನ್ ಬಂದಿದೆ. ನಮ್ಮ ಕೈಯಲ್ಲಿರುವುದು ಒಟ್ಟು 75,000. ಮೊಬೈಲ್‌ನಲ್ಲಿ ಗಂಟೆಗೊಮ್ಮೆ ಅಲಾರಂ ಇಡಿಸಿದೆವು, ಹತ್ತು ದಿನಕ್ಕೆ ಎಲ್ಲರೂ ಆಫ್ ಮಾಡಿದರು.

ಮೂರು ಮೇಜು ತರಿಸಿ ಸರದಿಯಂತೆ ಬಳಸುವುದೋ, ಬೇರೇನಾದರೂ ಮಾಡುವುದೋ? ಎಷ್ಟು ಹೊತ್ತಿಗೊಮ್ಮೆ ಏಳಬೇಕು? ಜೂನ್ ಬಂದರೆ ಹೊರಗೆ ಹೋಗಿ ನಡೆಯಲು ಮಳೆ ಬಿಡುವುದಿಲ್ಲ. ಒಳಗೆ 60 ಅಡಿ ಉದ್ದ, 5 ಅಡಿ ಅಗಲದ ಓಣಿಯೊಂದಿದೆ. ತಿಳಿದವರು ಹೇಳಿ.

---

ಮಲೆನಾಡು_ಫಿಸಿಯೋ (ಚಿಕ್ಕಮಗಳೂರು)

ಸರ್, ಎಷ್ಟು ಹೊತ್ತಿಗೊಮ್ಮೆ ಅನ್ನುವ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ. ಮೇಜು ಬೇಕೋ ಬೇಡವೋ ಅನ್ನುವುದು ಅದರ ಮೇಲೇ ತೀರ್ಮಾನವಾಗಬೇಕು.

ಕೂತಾಗ ತೊಡೆ, ಪೃಷ್ಠ, ಮೀನಖಂಡದ ದೊಡ್ಡ ಸ್ನಾಯುಗಳು ಹೆಚ್ಚುಕಡಿಮೆ ಸುಮ್ಮನೆ ಬಿದ್ದಿರುತ್ತವೆ. ಊಟದಿಂದ ರಕ್ತಕ್ಕೆ ಬಂದ ಸಕ್ಕರೆಯನ್ನು ಹೆಚ್ಚಾಗಿ ಖರ್ಚು ಮಾಡುವುದು ಇವೇ. ಸ್ನಾಯು ಬಿಗಿಯಾಗಿ ಸಡಿಲವಾಗುತ್ತಿದ್ದರೆ ಇನ್ಸುಲಿನ್ನಿನ ನೆರವಿಲ್ಲದೆಯೂ ಒಂದಷ್ಟು ಸಕ್ಕರೆ ಒಳಗೆ ಹೋಗುತ್ತದೆ. ಅದು ನಿಂತರೆ ಊಟದ ಮೇಲಿನ ಸಕ್ಕರೆ ಮೇಲೇರಿ ಹೆಚ್ಚು ಹೊತ್ತು ಅಲ್ಲೇ ಉಳಿಯುತ್ತದೆ. ಪಾದ ಊದುವುದಕ್ಕೂ ಇದೇ ಕಾರಣ. ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು ಅಂದರೆ ಮೀನಖಂಡ. ಹಿಮ್ಮಡಿ ಎತ್ತದಿದ್ದರೆ ಪಂಪು ನಡೆಯುವುದಿಲ್ಲ, ನೀರಿನಂಶ ಕೆಳಗೇ ನಿಲ್ಲುತ್ತದೆ.

2012ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ ತೂಕ ಹೆಚ್ಚಿದ್ದ, 45ರಿಂದ 65 ವಯಸ್ಸಿನ 19 ಜನರನ್ನು ಪ್ರತಿ 20 ನಿಮಿಷಕ್ಕೊಮ್ಮೆ ಎಬ್ಬಿಸಿ 2 ನಿಮಿಷ ನಿಧಾನವಾಗಿ ನಡೆಸಿದರು. ಸುಮ್ಮನೆ ಕೂತ ದಿನಕ್ಕೆ ಹೋಲಿಸಿದರೆ ಸಕ್ಕರೆಯ ಏರಿಕೆ ಸುಮಾರು ಕಾಲು ಭಾಗ ಕಡಿಮೆಯಾಯಿತು. 2023ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು 11 ಜನರ ಮೇಲೆ ಬೇರೆ ಬೇರೆ ಅಂತರ ಹಾಕಿ ನೋಡಿದಾಗ ಅರ್ಧ ಗಂಟೆಗೊಮ್ಮೆ 5 ನಿಮಿಷ ನಡೆಯುವುದು ಸಕ್ಕರೆಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಎರಡೂ ಸಣ್ಣ ಪ್ರಯೋಗಗಳೇ. ಆದರೆ ಎರಡೂ ಒಂದೇ ದಿಕ್ಕು ತೋರಿಸುತ್ತವೆ: ಗಂಟೆಗಟ್ಟಲೆ ಕೂತು ಕೊನೆಗೆ ಒಮ್ಮೆ ಜೋರಾಗಿ ನಡೆಯುವುದಕ್ಕಿಂತ ಮಧ್ಯೆ ಮಧ್ಯೆ ಮುರಿಯುವುದು ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೂರುವುದಕ್ಕೆ ಇಷ್ಟೇ ಗಂಟೆ ಅಂತ ಮಿತಿ ಹಾಕಿಲ್ಲ. ಕಡಿಮೆ ಮಾಡಿ, ಆ ಜಾಗಕ್ಕೆ ಹಗುರವಾದ ಚಲನೆ ತಂದರೂ ಪ್ರಯೋಜನವಿದೆ ಅನ್ನುತ್ತದೆ. ವಾರಕ್ಕೆ 150ರಿಂದ 300 ನಿಮಿಷದ ಬಿರುಸು ನಡಿಗೆ ಬೇರೆಯೇ ಲೆಕ್ಕ, ಅದು ಮನೆ ಕಡೆ ಆಗಬೇಕು.

ನಿಮ್ಮ ಆಫೀಸಿಗೆ ನಾನು ಹೇಳುವುದು: 30ರಿಂದ 40 ನಿಮಿಷಕ್ಕೊಮ್ಮೆ 2–3 ನಿಮಿಷ, ಊಟವಾದ ಅರ್ಧ ಗಂಟೆಯೊಳಗೆ 10 ನಿಮಿಷ ಒಟ್ಟಿಗೆ. ನಿಮ್ಮ ಓಣಿ ಸಾಕು. ಎರಡಡಿಗೆ ಒಂದು ಹೆಜ್ಜೆ ಹಿಡಿದರೆ ಹೋಗಿಬರಲು 60 ಹೆಜ್ಜೆ. ಮೂರು ಸಲ ಹೋಗಿಬಂದರೆ ಎರಡು ನಿಮಿಷ ಮುಗಿಯಿತು.

ನಡೆಯಲು ಜಾಗ ಬಿಡುವಿಲ್ಲದಾಗ ಕುರ್ಚಿಯ ಹಿಂದೆ ನಿಂತು, ಕುರ್ಚಿಯ ಬೆನ್ನಿಗೆ ಕೈ ಕೊಟ್ಟು, ಹಿಮ್ಮಡಿ ಎತ್ತಿ ಇಳಿಸುವುದು 20 ಸಲ. ಎತ್ತಲು ಒಂದು ಎಣಿಕೆ, ಇಳಿಸಲು ಎರಡು ಎಣಿಕೆ. ಧಡ್ ಅಂತ ಇಳಿಸಿದರೆ ಹಿಮ್ಮಡಿ ನೋಯುತ್ತದೆ, ಮೀನಖಂಡಕ್ಕೆ ಅರ್ಧ ಕೆಲಸವೂ ಆಗುವುದಿಲ್ಲ. ಆಮೇಲೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು 10 ಸಲ. ಗಾಲಿ ಕುರ್ಚಿಯಲ್ಲಿ ಇದನ್ನು ಮಾಡಬೇಡಿ, ಕೂರುವಾಗ ಹಿಂದಕ್ಕೆ ಜಾರುತ್ತದೆ. ಸೀರೆ ಉಟ್ಟವರಿಗೂ ಇವೆರಡರಿಂದ ತೊಂದರೆಯಿಲ್ಲ.

---

ಕಡತ_ಶಾಖೆ (ಹಾಸನ)

ಅಲಾರಂ ಯಾಕೆ ಸೋತಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಿ ಸರ್. ಒಂದು ವೋಚರ್ ಅರ್ಧ ಎಂಟ್ರಿ ಆಗಿರುವಾಗ ಅದು ಕೂಗುತ್ತದೆ. ಅರ್ಧಕ್ಕೆ ಬಿಟ್ಟೆದ್ದರೆ ಮೊತ್ತ ತಪ್ಪುತ್ತದೆ ಅಂತ ಕೈ ತಾನಾಗಿ ಆಫ್ ಬಟನ್ನಿಗೆ ಹೋಗುತ್ತದೆ. ತಪ್ಪು ಜನರದ್ದಲ್ಲ. ಏಳುವುದು ಗಡಿಯಾರಕ್ಕೆ ಅಂಟಿಕೊಂಡಿರಬಾರದು, ಕೆಲಸದ ಕೊಂಡಿಗೇ ಅಂಟಿರಬೇಕು.

ಹಿಂದೆ ಸರ್ಕಾರಿ ಕಚೇರಿಗಳಲ್ಲಿ ಕಡತ ಹಿಡಿದು ಶಾಖೆಯಿಂದ ಶಾಖೆಗೆ ನಡೆಯುತ್ತಿದ್ದರು, ಕಪಾಟಿಗೆ ಏಳುತ್ತಿದ್ದರು, ಟಪಾಲು ಪುಸ್ತಕಕ್ಕೆ ಸಹಿ ಹಾಕಿಸಲು ಹೋಗುತ್ತಿದ್ದರು. ಕಡತ ಕಂಪ್ಯೂಟರಿನಲ್ಲೇ ಹೋಗುವ ಇ-ಆಫೀಸ್ ಬಂದು, ವಾಟ್ಸಾಪ್ ಬಂದು ಆ ನಡಿಗೆಯೆಲ್ಲ ಬೆರಳ ತುದಿಗೆ ಬಂತು. ಹೋದ ನಡಿಗೆಯಲ್ಲಿ ಸ್ವಲ್ಪವನ್ನಾದರೂ ಬೇಕೆಂದೇ ವಾಪಸ್ ತರಬೇಕು.

ವೋಚರ್ ಕಟ್ಟುಗಳಿಂದ ಶುರು ಮಾಡಿ. ಇಡೀ ದಿನದ ಬಿಲ್ಲುಗಳು ಮೇಜಿನ ಮೇಲೆ ರಾಶಿ ಬಿದ್ದಿದ್ದರೆ ಯಾರೂ ಏಳುವುದಿಲ್ಲ. ಕೋಣೆಯ ಆ ಕೊನೆಗೆ ಒಂದು ರ್‍ಯಾಕ್ ಇಟ್ಟು ಬಿಲ್ಲುಗಳನ್ನು 25ರ ಕಟ್ಟು ಮಾಡಿ ಕ್ಲಿಪ್ ಹಾಕಿಡಿ. ಒಬ್ಬರ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಕಟ್ಟು. ಮುಗಿದದ್ದನ್ನು ಎದುರು ಗೋಡೆಯ ಟ್ರೇಗೆ ಹಾಕಿ, ಹೊಸದನ್ನು ತರಬೇಕು. ಒಂದು ಕಟ್ಟಿಗೆ ನಿಮ್ಮವರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. 40 ನಿಮಿಷ ದಾಟಿದರೆ 20ಕ್ಕೆ ಇಳಿಸಿ. ಇನ್ನೊಂದು ಲಾಭವೂ ಇದೆ: ಕಟ್ಟಿನ ಒಟ್ಟು ಮೊತ್ತವನ್ನು ಮೇಲಿನ ಚೀಟಿಯಲ್ಲಿ ಮೊದಲೇ ಬರೆದಿಟ್ಟರೆ ತಪ್ಪು ಎಂಟ್ರಿ ಅಲ್ಲೇ ಸಿಕ್ಕಿಬೀಳುತ್ತದೆ. ಯಜಮಾನರನ್ನು ಒಪ್ಪಿಸಲು ಈ ಮಾತೇ ಸಾಕು.

ಪ್ರಿಂಟರ್‌ಗಳಲ್ಲಿ ಎರಡನ್ನು ಓಣಿಯ ತುದಿಗೆ ಸಾಗಿಸಿ, ಉಳಿದವನ್ನು ಮುಚ್ಚಿಡಿ. ಇಲ್ಲಿ ಕೆಡುವ ಜಾಗ ಒಂದಿದೆ. ಕಕ್ಷಿದಾರರ ಪಾನ್ ನಂಬರ್, ಬ್ಯಾಂಕ್ ವಿವರ ಇರುವ ಹಾಳೆಗಳು ಟ್ರೇಯಲ್ಲಿ ಬಿದ್ದಿದ್ದರೆ ಯಾರ ಕೈಗಾದರೂ ಸೇರಬಹುದು. ಅದಕ್ಕೆ ಪ್ರಿಂಟರ್‌ನಲ್ಲಿ ಪಿನ್ ಒತ್ತಿದ ಮೇಲೆ ಹಾಳೆ ಬರುವ ಸೆಟ್ಟಿಂಗ್ ಇದ್ದರೆ ಹಾಕಿಸಿ. ಇಲ್ಲದಿದ್ದರೆ ಅಂಥ ಕೆಲಸದವರ ಪ್ರಿಂಟರ್ ಮಾತ್ರ ಅಲ್ಲೇ ಇರಲಿ.

ಕಾಫಿಯನ್ನು ಕೂತಲ್ಲಿಗೆ ಕಳಿಸುವುದು ನಿಲ್ಲಿಸಿ. ಫ್ಲಾಸ್ಕ್ ಮತ್ತು ಲೋಟಗಳನ್ನು ಪ್ರವೇಶದ ಬಳಿ ಇಟ್ಟು, ಅಲ್ಲೇ ನಿಂತು ಕುಡಿದು, ಲೋಟ ತೊಳೆಯುವ ಬುಟ್ಟಿಗೆ ಹಾಕಿ ಬರುವುದು. ಆದರೆ ಇಷ್ಟು ದಿನ ಕಾಫಿ ಹಂಚುತ್ತಿದ್ದವರಿಗೆ ಕೆಲಸ ಹೋಯಿತೇನೋ ಅನ್ನಿಸಬಾರದು. ಅವರಿಗೆ ಮೊದಲೇ ಹೇಳಿ, ಫ್ಲಾಸ್ಕ್ ಜವಾಬ್ದಾರಿ ಅವರದ್ದೇ ಇರಲಿ. ಒಂದು ಲೀಟರ್ ಬಾಟಲಿ ಬದಲು ಅರ್ಧ ಲೀಟರ್‌ನದು ಕೊಟ್ಟರೆ ತುಂಬಿಸಲು ಎರಡು ಸಲ ಹೆಚ್ಚು ಏಳುತ್ತಾರೆ.

ಎಲ್ಲರೂ ಮರೆಯುವ ವಿಷಯ ಶೌಚಾಲಯ. ಚಿಲಕ ಸರಿಯಿಲ್ಲ, ಬಲ್ಬ್ ಹೋಗಿದೆ, ಪ್ಯಾಡ್ ಹಾಕಲು ಮುಚ್ಚಳದ ಬುಟ್ಟಿಯಿಲ್ಲ ಅಂದರೆ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂತುಬಿಡುತ್ತಾರೆ. 15 ಜನಕ್ಕೆ ಒಂದೇ ಇದ್ದರೆ ಅದನ್ನು ದಿನಕ್ಕೆ ಮೂರು ಸಲ ತೊಳೆಸಿ. 75,000ದಲ್ಲಿ ಮೊದಲ ರೂಪಾಯಿ ಅಲ್ಲಿ ಖರ್ಚಾಗಲಿ.

---

ಕಾಫಿನಾಡು_ಸುರಕ್ಷತೆ (ಚಿಕ್ಕಮಗಳೂರು)

ಮೇಜಿನ ಬಗ್ಗೆ ಯಾರೂ ಇನ್ನೂ ಹೇಳಿಲ್ಲ. ಇದಕ್ಕೆ ನೇರವಾಗಿ ಉತ್ತರ ಕೊಡುವ ಅಧ್ಯಯನವೇ ಇದೆ. ಇಂಗ್ಲೆಂಡಿನ ಸ್ಥಳೀಯ ಆಡಳಿತ ಕಚೇರಿಗಳ 756 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ತಿಳಿವಳಿಕೆ, ಗುರಿ, ತಂಡದ ಬೆಂಬಲ ಕೊಟ್ಟರು. ಇನ್ನೊಂದಕ್ಕೆ ಅದರ ಜೊತೆ ಎತ್ತರ ಬದಲಿಸುವ ಮೇಜನ್ನೂ ಕೊಟ್ಟರು. ಮೂರನೆಯದನ್ನು ಹಾಗೇ ಬಿಟ್ಟರು. ಒಂದು ವರ್ಷದ ನಂತರ, ಹಾಗೇ ಬಿಟ್ಟವರಿಗೆ ಹೋಲಿಸಿದರೆ, ಮೇಜಿಲ್ಲದ ಗುಂಪು ದಿನಕ್ಕೆ ಸುಮಾರು 22 ನಿಮಿಷ ಕಡಿಮೆ ಕೂತಿತು, ಮೇಜಿದ್ದ ಗುಂಪು ಸುಮಾರು 64 ನಿಮಿಷ. ಇದು 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದೆ. ಹಾಗಾಗಿ ಮೇಜು ದಂಡ ಅಂತ ಹೇಳಲಾಗದು. ಆದರೆ ಕೂರುವುದು ಕಡಿಮೆಯಾದ ಜಾಗಕ್ಕೆ ಬಂದದ್ದು ಬಹುಪಾಲು ನಿಲ್ಲುವುದು, ನಡೆಯುವುದಲ್ಲ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನಿಂತರೆ ತೂಕ ಇಳಿಯುತ್ತದೆ ಅಂತ ಮೇಜು ಮಾರುವವರು ಹೇಳುತ್ತಾರೆ. ಕೂರುವುದಕ್ಕೂ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಗಂಟೆಗೆ ಸುಮಾರು 9 ಕ್ಯಾಲೊರಿ. ಅರ್ಧ ಚಮಚ ಸಕ್ಕರೆಯಷ್ಟು. ಇನ್ನು ಗಂಟೆಗಟ್ಟಲೆ ಅಲ್ಲಾಡದೆ ನಿಂತರೆ ಸೊಂಟ ನೋವು, ಪಾದ ಊತ, ಕಾಲಿನ ರಕ್ತನಾಳ ಉಬ್ಬುವುದು ಬೇರೆ ದಾರಿಯಿಂದ ಬರುತ್ತವೆ. ನಿಲ್ಲುವುದು 20ರಿಂದ 30 ನಿಮಿಷದ ಸರದಿಯಲ್ಲಿ ಇರಲಿ. ಮೊದಲ ವಾರ 10 ನಿಮಿಷ ಸಾಕು.

24,000ದ ಮೇಜು ಮೂರು ತಂದರೆ 26 ಜನರಲ್ಲಿ 23 ಜನ ನೋಡುತ್ತಾ ಕೂರುತ್ತಾರೆ, ತಿಂಗಳಲ್ಲಿ ಅವು ಮೂವರ ಸ್ವಂತ ಮೇಜಾಗಿಬಿಡುತ್ತವೆ. ಮೋಟಾರ್ ಮೇಜು ಏರಿದಾಗ ಕರೆಂಟ್ ಹೋದರೆ ಅಲ್ಲೇ ನಿಲ್ಲುತ್ತದೆ. ಎಲ್ಲರೂ ಬಂದು ನಿಲ್ಲುವ, ಗೋಡೆಗೆ ಹಾಕಿದ ಎತ್ತರದ ಹಲಗೆಯೇ ನಿಮಗೆ ಸರಿ. ಅಳತೆಯನ್ನು ಮರಗೆಲಸ ತಿಳಿದವರು ಹೇಳಲಿ.

---

ಬೇಲೂರು_ಮರಗೆಲಸ

ಹೇಳ್ತೀನಿ ಸರ್. 18 ಎಂಎಂ ಬಿಡಬ್ಲ್ಯುಆರ್ (ನೀರು ತಡೆಯೋ) ಪ್ಲೈವುಡ್ 8×4 ಅಡಿ ಶೀಟ್ ಒಂದು ತಗೊಳ್ಳಿ. ಉದ್ದಕ್ಕೆ ಸೀಳಿದ್ರೆ ಎರಡಡಿ ಅಗಲದ ಎರಡು ಹಲಗೆ. ಎರಡನ್ನೂ 6 ಅಡಿಗೆ ಕತ್ತರಿಸಿ. ಒಂದೊಂದ್ರಲ್ಲೂ ಇಬ್ಬರು ನಿಲ್ತಾರೆ, ಒಟ್ಟು ನಾಲ್ಕು ಜಾಗ. ಮಿಕ್ಕ ಎರಡು ತುಂಡಿನಿಂದ ಮಾನಿಟರ್ ಪೀಠ, ಅಂಚುಪಟ್ಟಿ ಬರುತ್ತೆ. ಮರದ ಪುಡಿ ಒತ್ತಿ ಮಾಡೋ ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್ ಅಗ್ಗ ಅಂತ ಹೋಗ್ಬೇಡಿ, ನಮ್ಮ ಮಳೆಗಾಲದ ತೇವಕ್ಕೆ ಅಂಚು ಉಬ್ಬಿ ಸ್ಕ್ರೂ ಕಳಚುತ್ತೆ. ತೋಟದ ಸಿಲ್ವರ್ ಓಕ್ ಹಲಗೆ ಸಸ್ತಾಗಿ ಸಿಗುತ್ತೆ, ಆದ್ರೆ ಸರಿಯಾಗಿ ಒಣಗಿಸಿರೋದೇ ಆಗ್ಬೇಕು, ಇಲ್ಲಾಂದ್ರೆ ಡೊಂಕಾಗುತ್ತೆ.

ಎತ್ತರಕ್ಕೆ ಎಲ್ಲರನ್ನೂ ಅಳೆಯಿರಿ, ಆಫೀಸಲ್ಲಿ ಹಾಕೋ ಚಪ್ಪಲಿ ಮೇಲೇ. ತೋಳು ಇಳಿಬಿಟ್ಟು ಮೊಣಕೈ ಮಡಚಿದಾಗ ನೆಲದಿಂದ ಮೊಣಕೈವರೆಗೆ ಎಷ್ಟಿದೆಯೋ ಅದಕ್ಕಿಂತ ಒಂದಿಂಚು ಕೆಳಗೆ ಕೀಬೋರ್ಡ್ ಕೂರ್ಬೇಕು. ಐದಡಿ ಎತ್ತರದವರಿಗೆ 37 ಇಂಚು ಆಸುಪಾಸು, ಐದೂವರೆ ಅಡಿಯವರಿಗೆ 40–41 ಬರುತ್ತೆ. ಅದಕ್ಕೇ ಎರಡು ಹಲಗೆನೂ ಒಂದೇ ಎತ್ತರಕ್ಕೆ ಹೊಡೀಬೇಡಿ: ಒಂದು 37, ಇನ್ನೊಂದು 40. ಎತ್ತರ ಜಾಸ್ತಿಯಾದ್ರೆ ಭುಜ ಮೇಲಕ್ಕೆತ್ತಿ ಟೈಪ್ ಮಾಡ್ತಾರೆ, ಕತ್ತು ಹಿಡ್ಕೊಳ್ಳುತ್ತೆ. ಲ್ಯಾಪ್‌ಟಾಪ್ ಆದ್ರೆ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರೋ ಹಾಗೆ ಪೀಠದ ಮೇಲಿಟ್ಟು ಕೀಬೋರ್ಡ್, ಮೌಸ್ ಬೇರೆ ಕೊಡಿ.

ಮುಂದಿನ ಅಂಚಿಗೆ ಅಡಿಯಿಂದ ಎರಡಿಂಚಿನ ಪಟ್ಟಿ ಅಂಟು ಹಾಕಿ ಸ್ಕ್ರೂ ಮಾಡಿಸಿ, ಇಲ್ಲಾಂದ್ರೆ ಮಧ್ಯೆ ಜೋತು ಬೀಳುತ್ತೆ. ಆಮೇಲೆ ಆ ಅಂಚನ್ನ ಉಜ್ಜಿ ಬೆರಳು ಜಾರೋ ಹಾಗೆ ದುಂಡು ಮಾಡಿಸಿ. ಚೂಪಾಗಿ ಬಿಟ್ರೆ ಮಣಿಕಟ್ಟಿನ ಒಳಗಡೆ, ನಾಡಿ ನೋಡೋ ಜಾಗದಲ್ಲಿ, ಕೆಂಪು ಗೆರೆ ಬೀಳುತ್ತೆ. ಅರ್ಧ ಗಂಟೆಗೆ ಕೈ ಜೋಮು ಹಿಡಿಯುತ್ತೆ, ನಾಳೆ ಆ ಹಲಗೆ ಹತ್ರ ಯಾರೂ ಬರಲ್ಲ.

18 ಇಂಚಿನ ಗಟ್ಟಿ ಎಲ್ ಬ್ರಾಕೆಟ್, ಎರಡಡಿಗೊಂದರಂತೆ ಒಂದು ಹಲಗೆಗೆ ನಾಲ್ಕು. ಇಟ್ಟಿಗೆ ಗೋಡೆಯಾದ್ರೆ 10 ಎಂಎಂ ಆಂಕರ್ ಬೋಲ್ಟ್. ಟೊಳ್ಳು ಸಿಮೆಂಟ್ ಬ್ಲಾಕ್ ಅಥವಾ ಪಾರ್ಟಿಷನ್ ಗೋಡೆಯಾದ್ರೆ ಬೋಲ್ಟ್ ಕಚ್ಚಲ್ಲ, ಒಬ್ಬರು ಮೊಣಕೈ ಊರಿದ್ರೆ ಕಿತ್ಕೊಂಡು ಬರುತ್ತೆ. ಅಂಥ ಕಡೆ ಒಂದೂವರೆ ಇಂಚಿನ ಚೌಕ ಪೈಪಿನ ಕಾಲು ಕೊಡಿಸಿ. ನೆಲದಿಂದ 5–6 ಇಂಚು ಎತ್ತರದಲ್ಲಿ ಕಾಲಿಡೋಕೆ ಉದ್ದಕ್ಕೂ ಒಂದು ಪೈಪ್ ಇರ್ಲಿ. ಒಂದು ಕಾಲು ಮೇಲೆ, ಒಂದು ಕೆಳಗೆ, ಆಗಾಗ ಬದಲಾಯಿಸ್ತಿದ್ರೆ ಸೊಂಟಕ್ಕೆ ಹಗುರ.

ಓಣಿಯಲ್ಲಿ ಮಾತ್ರ ಹಾಕಿಸ್ಬೇಡಿ. 5 ಅಡಿಯಲ್ಲಿ ಹಲಗೆ 2 ಅಡಿ, ನಿಂತವರಿಗೆ ಒಂದೂವರೆ ಹೋದ್ರೆ ಓಡಾಡೋಕೆ ಒಂದೂವರೆ ಅಡಿ ಉಳಿಯುತ್ತೆ. ಬೆಂಕಿ ಅವಘಡ ಆದ್ರೆ ಅಲ್ಲೇ ಸಿಕ್ಕಿಹಾಕ್ಕೊಳ್ತಾರೆ. ಪ್ಲಗ್ ಪಾಯಿಂಟ್, ನೆಟ್ ಕೇಬಲ್ ಹಲಗೆ ಮೇಲ್ಗಡೆ ಬರ್ಲಿ, ನೆಲದ ಮೇಲೆ ಎಕ್ಸ್‌ಟೆನ್ಷನ್ ಎಳೆದ್ರೆ ಕಾಲಿಗೆ ತೊಡರುತ್ತೆ.

---

ಬಿಎಂ_ರಸ್ತೆ_ಲೆಕ್ಕಪತ್ರ (ಹಾಸನ)

ಎಲ್ಲರಿಗೂ ತುಂಬಾ ಧನ್ಯವಾದ. ಗೋಡೆ ಟೊಳ್ಳು ಬ್ಲಾಕಿನದ್ದೇ, ಪೈಪಿನ ಕಾಲು ಕೊಡಿಸುತ್ತೇನೆ. ಎರಡು ಸಂಶಯ ಉಳಿದಿವೆ. ಸಕ್ಕರೆ ಕಾಯಿಲೆಯ ಮೂವರಲ್ಲದೆ ಒಬ್ಬರು ಆರು ತಿಂಗಳ ಬಸುರಿ, ಇಬ್ಬರಿಗೆ ಮಂಡಿ ನೋವು. ಇವರಿಗೂ ಇದೇ ಸರಿಹೋಗುತ್ತದಾ ಮೇಡಂ? ಇನ್ನೊಂದು, 40 ನಿಮಿಷಕ್ಕೆ 3 ನಿಮಿಷ ಅಂದರೆ ದಿನಕ್ಕೆ ಹನ್ನೊಂದು ಸಲ, ತಲೆಗೆ 33 ನಿಮಿಷ. ಯಜಮಾನರು ಮೊದಲು ಹಾಕುವ ಲೆಕ್ಕವೇ ಇದು.

---

ಮಲೆನಾಡು_ಫಿಸಿಯೋ (ಚಿಕ್ಕಮಗಳೂರು)

ಬಸುರಿ ಹೆಣ್ಣುಮಗಳಿಗೆ ಎತ್ತರದ ಹಲಗೆ ಬೇಡ ಸರ್. ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆದು ಬರುವುದು ಒಳ್ಳೆಯದು, ಒಂದೇ ಕಡೆ ನಿಲ್ಲುವುದು ಒಳ್ಳೆಯದಲ್ಲ. ಕೂತಾಗ ಪಾದದ ಕೆಳಗೆ 4–5 ಇಂಚಿನ ಮಣೆ ಕೊಡಿ. ಒಂದೇ ಕಾಲು ಊದಿ, ಮೀನಖಂಡ ಒತ್ತಿದರೆ ನೋವು, ಬಿಸಿ ಅನ್ನಿಸಿದರೆ ಅದನ್ನು ಆಫೀಸಿನ ಊತ ಅಂದುಕೊಳ್ಳದೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಈ ಮಾತು ಎಲ್ಲರಿಗೂ ಅನ್ವಯ.

ಮಂಡಿ ನೋವಿನವರು ಕುರ್ಚಿಯಿಂದ ಎದ್ದು ಕೂರುವುದನ್ನು ಎತ್ತರದ ಕುರ್ಚಿಯಲ್ಲಿ, ಕೈ ಊರಿ, ಐದೇ ಸಲ ಮಾಡಲಿ. ಅವರಿಗೆ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಹೆಚ್ಚು ನೋಯಿಸುತ್ತದೆ. ಕಂಬಿ ಹಿಡಿದೇ ಇಳಿಯಬೇಕು. ಮಳೆಗಾಲದಲ್ಲಿ ಗ್ರಾನೈಟ್ ಮೆಟ್ಟಿಲ ಅಂಚಿಗೆ ಜಾರದ ಟೇಪು ಅಂಟಿಸಿ, ಇಲ್ಲದಿದ್ದರೆ ಮೆಟ್ಟಿಲು ಹತ್ತಿ ಅಂತ ಯಾರಿಗೂ ಹೇಳಬೇಡಿ.

ಸಕ್ಕರೆ ಇರುವವರಿಗೆ ಊಟದ ನಂತರದ 10 ನಿಮಿಷ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಮುದ್ದೆ ಅನ್ನ ಉಂಡು ಕೂತುಬಿಟ್ಟರೆ ಸಕ್ಕರೆ ಏರುವುದು ಆಗಲೇ. ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಹೊಸ ಕ್ರಮ ಶುರುವಾಗುವ ಮುಂಚೆ ತಮ್ಮ ಡಾಕ್ಟರಿಗೆ ತಿಳಿಸಲಿ. ಬೆವರು, ನಡುಕ, ಕಣ್ಣು ಮಂಜು ಬಂದರೆ ಕೂಡಲೇ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು. ಬಿಪಿ ಮಾತ್ರೆಯವರು ಎದ್ದ ತಕ್ಷಣ ನಡೆಯದೆ ಮೇಜು ಹಿಡಿದು ಹತ್ತು ಎಣಿಸಲಿ.

ಹಾಗೇ ಆಯುಷ್ ಸಚಿವಾಲಯದ ಐದು ನಿಮಿಷದ ‘ವೈ-ಬ್ರೇಕ್’ ಯೋಗ ಕ್ರಮ 2021ರಿಂದ ಮೊಬೈಲಿನಲ್ಲೇ ಸಿಗುತ್ತದೆ. ತಾಡಾಸನ, ಕಟಿಚಕ್ರಾಸನ, ಅರ್ಧಚಕ್ರಾಸನ, ಉಸಿರಾಟ, ಎಲ್ಲವೂ ಚಾಪೆ ಇಲ್ಲದೆ ಆಗುತ್ತವೆ. ಮಳೆ ಹಿಡಿದ ದಿನ 4 ಗಂಟೆಗೆ ಮಾಡಿಸಿ. ಕತ್ತು, ಸೊಂಟದ ಬಿಗಿತಕ್ಕೆ ಒಳ್ಳೆಯದು. ನಡಿಗೆಯ ಬದಲಿಗಲ್ಲ, ಅದರ ಜೊತೆಗೆ.

---

ಕಡತ_ಶಾಖೆ (ಹಾಸನ)

33 ನಿಮಿಷದ ಲೆಕ್ಕಕ್ಕೆ ಉತ್ತರ: ಅದರಲ್ಲಿ ಮುಕ್ಕಾಲು ಪಾಲು ಕೆಲಸವೇ. ಕಟ್ಟು ತರುವುದು, ಪ್ರಿಂಟ್ ತರುವುದು, ಮೂರು ಸೀಟಿನಾಚೆಯವರಿಗೆ ವಾಟ್ಸಾಪ್ ಮಾಡುವ ಬದಲು ಎದ್ದುಹೋಗಿ ಕೇಳುವುದು, ಇವು ಬಿಡುವಲ್ಲ. ಕಕ್ಷಿದಾರರ ಫೋನ್ ಬಂದರೆ ಎದ್ದು ನಿಂತು ಮಾತಾಡುವುದು ಅಂತ ಒಂದೇ ನಿಯಮ ಮಾಡಿ. ಲ್ಯಾಂಡ್‌ಲೈನನ್ನು ಎದೆಮಟ್ಟದ ಗೂಡಿಗೆ ಏರಿಸಿ. ಹತ್ತು ನಿಮಿಷದೊಳಗಿನ ಮೀಟಿಂಗ್ ಕುರ್ಚಿ ಇಲ್ಲದೆ ನಡೆಯಲಿ. ಯಜಮಾನರು ಅದರಲ್ಲಿ ನಿಂತರೆ ಮಾತ್ರ ಉಳಿದವರಿಗೆ ಏಳಲು ಧೈರ್ಯ ಬರುತ್ತದೆ. ಓಣಿಯಲ್ಲಿ ನಡೆಯುವವರನ್ನು ‘ಏನು, ಕೆಲಸ ಇಲ್ವಾ’ ಅಂತ ಒಂದು ಸಲ ಕೇಳಿದರೆ ಇಡೀ ಯೋಜನೆ ಅವತ್ತೇ ಸತ್ತಂತೆ.

ಹಲಗೆಯ ಸರದಿಗೂ ಲೆಕ್ಕ ಕೂಡುತ್ತದೆ. ಊಟ ಬಿಟ್ಟು ಏಳು ಮುಕ್ಕಾಲು ಗಂಟೆಗೆ 15 ಅರ್ಧಗಂಟೆಗಳು, ನಾಲ್ಕು ಜಾಗಕ್ಕೆ 60 ಸರದಿ. 26 ಜನಕ್ಕೆ ತಲಾ ಎರಡು ಅಂದರೆ 52. ನಿಂತು ಮಾಡಲು ಓದುವ, ತಾಳೆ ನೋಡುವ, ಫೋನಿನ ಕೆಲಸ ಕೊಡಿ. ನಂಬರ್ ಎಂಟ್ರಿ ಕೂತೇ ಆಗಲಿ.

ಶುರು ಮಾಡುವ ದಿನವನ್ನು ನೋಡಿ ಆರಿಸಿ. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಹೀಗೆ ಪ್ರತಿ ತಿಂಗಳ ಜಿಎಸ್‌ಟಿ ರಿಟರ್ನ್ ಗಡುವು ಇರುವಾಗ ಹೊಸದೇನೂ ನಿಲ್ಲುವುದಿಲ್ಲ. 21ರ ನಂತರದ ಸೋಮವಾರ ತೆಗೆದುಕೊಳ್ಳಿ. ಅದಕ್ಕೆ ಮುಂಚೆ ಮೂರು ದಿನ ಪ್ರತಿಯೊಬ್ಬರಿಗೂ 17 ಚೌಕದ ಚೀಟಿ ಕೊಡಿ, ಅರ್ಧಗಂಟೆಗೊಂದು ಚೌಕ. ಆ ಅರ್ಧಗಂಟೆಯಲ್ಲಿ ಒಮ್ಮೆಯಾದರೂ ಎದ್ದಿದ್ದರೆ ಗುರುತು ಹಾಕಲಿ. ಮೊಬೈಲಿನ ಹೆಜ್ಜೆ ಎಣಿಕೆ ಇಲ್ಲಿ ಪ್ರಯೋಜನವಿಲ್ಲ, ಫೋನ್ ಮೇಜಿನ ಮೇಲೇ ಇರುತ್ತದೆ. ಚೀಟಿಯಲ್ಲಿ ಒಟ್ಟು ಗುರುತು ಎಣಿಸಬೇಡಿ, ಸತತವಾಗಿ ಎಷ್ಟು ಚೌಕ ಖಾಲಿ ಬಿದ್ದಿವೆ ನೋಡಿ. ಮೂರಕ್ಕಿಂತ ಉದ್ದದ ಖಾಲಿ ಸಾಲು ಯಾವ ಹೊತ್ತಿನಲ್ಲಿದೆಯೋ, ಆ ಹೊತ್ತಿನ ಕೆಲಸದ ಕಟ್ಟನ್ನೇ ಮೊದಲು ಚಿಕ್ಕದು ಮಾಡಿ. ಚೀಟಿಯಲ್ಲಿ ಹೆಸರು ಬರೆಸಬೇಡಿ.